ಬಿದ್ದ ಮೇಲೆ ಎತ್ತುವುದಕ್ಕಿಂತ ಬೀಳದಂತೆ ಕಾಯೋಣ
ಮುಪ್ಪಿನ ಮೂಳೆ, ಸ್ನಾಯುಬಲ ಮತ್ತು ವಿಟಮಿನ್ 'ಡಿ'



ಬೇಲೂರಿನ ಚೆನ್ನಕೇಶವ ದೇಗುಲವನ್ನು ನೋಡಿದವರಿಗೆ ಅದರ ಅಂಗಳದಲ್ಲಿರುವ 42 ಅಡಿ ಎತ್ತರದ ಏಕಶಿಲಾ ಕಂಬ ನೆನಪಿರಬಹುದು. ಅದಕ್ಕೆ ಬುನಾದಿಯಿಲ್ಲ. ಜಗಲಿಯ ಮೇಲೆ ತನ್ನ ಭಾರದಿಂದಲೇ ನೆಟ್ಟಗೆ ನಿಂತಿದೆ. ನೋಡಿದವರೆಲ್ಲ ಬೆರಗಾಗುತ್ತಾರೆ. ಆದರೆ ನಮ್ಮ ಮನೆಯ ಅಜ್ಜಿಯೋ ತಾತನೋ ಹಾಸಿಗೆಯಿಂದೆದ್ದು ಹೊಸ್ತಿಲು ದಾಟಿ ಬಚ್ಚಲಮನೆಗೆ ಹೋಗಿ ಬರುವುದು ಅದಕ್ಕಿಂತ ದೊಡ್ಡ ಬೆರಗು. ಕಲ್ಲುಕಂಬ ಅಲುಗದೆ ನಿಲ್ಲುತ್ತದೆ, ಮನುಷ್ಯನಾದರೋ ನಡೆಯುತ್ತಾ, ಬಗ್ಗುತ್ತಾ, ತಿರುಗುತ್ತಾ ಬೀಳದೆ ಇರಬೇಕು. ಅದಕ್ಕೆ ಗಟ್ಟಿ ಮೂಳೆಯೊಂದೇ ಸಾಲದು. ಆ ಮೂಳೆಯನ್ನು ಹಿಡಿದು ನಿಲ್ಲಿಸುವ ಸ್ನಾಯುವೂ ಬೇಕು.

ಹಳೇಬೀಡಿನ ಬಳಿಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಎಪ್ಪತ್ತೆರಡು ವರ್ಷದ ಅಜ್ಜಿ. ಭಾನುವಾರದ ಬಲಿಪೂಜೆಗೆ ಎಂದೂ ತಪ್ಪಿಸದವರು. ಈಚೆಗೆ ಮೊಣಕಾಲೂರಿದರೆ ಮುಂದಿನ ಬೆಂಚು ಹಿಡಿಯದೆ ಏಳಲಾಗುವುದಿಲ್ಲ. "ವಯಸ್ಸಾಯಿತಲ್ಲ" ಎಂದು ತಾವೂ ಹೇಳುತ್ತಾರೆ, ಮನೆಯವರೂ ಹೇಳುತ್ತಾರೆ. ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲಿ, "ಅಮ್ಮಾ, ವಿಟಮಿನ್ 'ಡಿ' ಪುಡಿ ತಗೊಳ್ಳಿ, ಸರಿಹೋಗ್ತದೆ" ಎನ್ನುತ್ತಾನೆ. ಅಜ್ಜಿ ವಾರಕ್ಕೊಂದು ಪುಡಿಯನ್ನು ಹಾಲಿಗೆ ಬೆರೆಸಿ ಕುಡಿಯುತ್ತಾರೆ. ಆರು ತಿಂಗಳ ಮೇಲೆ ಮಳೆಗಾಲದ ಒಂದು ರಾತ್ರಿ ಕರೆಂಟು ಹೋಗಿದ್ದಾಗ ಹಿತ್ತಲಿಗೆ ಹೊರಟು, ಪಾಚಿಗಟ್ಟಿದ ಮೆಟ್ಟಿಲಲ್ಲಿ ಜಾರಿ ಬೀಳುತ್ತಾರೆ. ತೊಡೆಯ ಮೇಲ್ಭಾಗದ ಮೂಳೆ ಮುರಿಯುತ್ತದೆ.

ಇದು ಕಲ್ಪನೆಯ ಮನೆ. ಆದರೆ ಇಂಥ ಮನೆ ನಿಮ್ಮ ಧರ್ಮಕೇಂದ್ರದಲ್ಲಿ ಒಂದಾದರೂ ಇದ್ದೀತು. ಅಲ್ಲಿ ತಪ್ಪಿದ್ದು ಎಲ್ಲಿ? ಪುಡಿ ಕೊಟ್ಟದ್ದು ತಪ್ಪೇ? ಪುಡಿಯೊಂದನ್ನೇ ನಂಬಿದ್ದು ತಪ್ಪೇ? ಈ ವಾರ ಅದನ್ನು ಸಾವಧಾನವಾಗಿ ನೋಡೋಣ.

ಮೂಳೆ ಟೊಳ್ಳಾಗುವುದು ಎಂದರೇನು?

ಮೂಳೆ ಸತ್ತ ವಸ್ತುವಲ್ಲ. ಹಳೆಯ ಮನೆಯ ಗೋಡೆಯನ್ನು ಅಲ್ಲಲ್ಲಿ ಕೆಡವಿ ಮತ್ತೆ ಕಟ್ಟುವಂತೆ ಅದು ಜೀವಮಾನವಿಡೀ ಸವೆಯುತ್ತಲೂ ಹೊಸದಾಗುತ್ತಲೂ ಇರುತ್ತದೆ. ಮೂವತ್ತರ ಆಸುಪಾಸಿನವರೆಗೆ ಕಟ್ಟುವ ಕೆಲಸ ಮುಂದಿರುತ್ತದೆ. ಆಮೇಲೆ ಕೆಡವುವ ಕೆಲಸ ಮುಂದಾಗುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲಿನ ಕೆಲವು ವರ್ಷಗಳಲ್ಲಿ ಈ ಸವೆತ ಬಹಳ ಚುರುಕು. ಹೀಗೆ ಮೂಳೆಯ ಒಳಗಿನ ಜಾಲ ತೆಳ್ಳಗಾಗಿ, ಸಣ್ಣ ಪೆಟ್ಟಿಗೂ ಮುರಿಯುವ ಸ್ಥಿತಿಯನ್ನು ವೈದ್ಯರು ಆಸ್ಟಿಯೋಪೊರೋಸಿಸ್ ಎನ್ನುತ್ತಾರೆ. ಅದಕ್ಕೆ ನೋವಿಲ್ಲ. ಬೆನ್ನು ಬಾಗಿ ಎತ್ತರ ಕಡಿಮೆಯಾದಾಗ, ಇಲ್ಲವೇ ಬಿದ್ದು ಮಣಿಕಟ್ಟೋ ತೊಡೆಯೋ ಮುರಿದಾಗಲೇ ತಿಳಿಯುವುದು. ಡೆಕ್ಸಾ ಎಂಬ ಎಕ್ಸ್‌ರೇ ಪರೀಕ್ಷೆ ಮೂಳೆಯ ಸಾಂದ್ರತೆಯನ್ನು ಅಳೆಯುತ್ತದೆ. ಅದರಲ್ಲಿ 'ಟಿ ಸ್ಕೋರ್' ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್ ಎಂದು 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗೆರೆ ಎಳೆದಿದೆ.

ಆದರೆ ಟೊಳ್ಳಾದ ಮೂಳೆ ಸಾಮಾನ್ಯವಾಗಿ ತಾನಾಗಿಯೇ ಮುರಿಯುವುದಿಲ್ಲ. ತೊಡೆಯ ಮೂಳೆ ಮುರಿಯುವುದು ಹೆಚ್ಚಾಗಿ ಬಿದ್ದಾಗ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 65 ದಾಟಿದವರಲ್ಲಿ ಸುಮಾರು ಮೂವರಿಗೊಬ್ಬರು ವರ್ಷದಲ್ಲಿ ಒಮ್ಮೆಯಾದರೂ ಬೀಳುತ್ತಾರೆ. ತೊಡೆಮೂಳೆ ಮುರಿದ ವೃದ್ಧರಲ್ಲಿ ಐವರಿಗೆ ಒಬ್ಬರಷ್ಟಾದರೂ ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆಂದು ಹಲವು ದೇಶಗಳ ಅನುಭವ ಹೇಳುತ್ತದೆ. ಉಳಿದವರಲ್ಲಿಯೂ ಅನೇಕರು ಮೊದಲಿನಂತೆ ನಡೆಯಲಾರರು. ಆದ್ದರಿಂದ ಮೂಳೆಯ ಮಾತು ಆಡುವಾಗಲೆಲ್ಲ ಬೀಳುವುದರ ಮಾತನ್ನೂ ಆಡಲೇಬೇಕು.

ಬಿಸಿಲಿನಿಂದ ಹುಟ್ಟುವ ಜೀವಸತ್ವ

ಇಂಗ್ಲೆಂಡಿನ ಎಡ್ವರ್ಡ್ ಮೆಲನ್‌ಬಿ ಎಂಬ ವೈದ್ಯರು 1919ರ ಸುಮಾರಿಗೆ ನಾಯಿಮರಿಗಳಲ್ಲಿ ರಿಕೆಟ್ಸ್ ರೋಗ ಬರಿಸಿ, ಕಾಡ್ ಮೀನಿನ ಎಣ್ಣೆಯಿಂದ ಅದನ್ನು ತಡೆಯಬಹುದೆಂದು ತೋರಿಸಿದರು. ಆ ಎಣ್ಣೆಯಲ್ಲಿದ್ದ ಸತ್ವಕ್ಕೆ ಅಮೆರಿಕದ ಮೆಕಾಲಮ್ 1922ರಲ್ಲಿ ವಿಟಮಿನ್ 'ಡಿ' ಎಂದು ಹೆಸರಿಟ್ಟರು. ಮುಂದೆ ತಿಳಿದುಬಂದ ಸಂಗತಿ ಏನೆಂದರೆ, ಇದು ಮುಖ್ಯವಾಗಿ ಊಟದಿಂದಲ್ಲ, ಬಿಸಿಲಿನಿಂದ ಬರುತ್ತದೆ. ಸೂರ್ಯನ ಅತಿನೇರಳೆ ಕಿರಣ ಚರ್ಮಕ್ಕೆ ಬಿದ್ದಾಗ ಅಲ್ಲಿನ ಕೊಲೆಸ್ಟೆರಾಲಿಗೆ ಸಂಬಂಧಿಸಿದ ವಸ್ತುವೊಂದು ವಿಟಮಿನ್ 'ಡಿ' ಆಗುತ್ತದೆ. ಅದು ಯಕೃತ್ತಿನಲ್ಲಿ ಒಮ್ಮೆ, ಮೂತ್ರಪಿಂಡದಲ್ಲಿ ಇನ್ನೊಮ್ಮೆ ಮಾರ್ಪಟ್ಟು ಕೆಲಸಕ್ಕೆ ಬರುತ್ತದೆ. ಕರುಳು ಊಟದ ಸುಣ್ಣದ ಅಂಶವನ್ನು, ಅಂದರೆ ಕ್ಯಾಲ್ಸಿಯಂ ಅನ್ನು, ಚೆನ್ನಾಗಿ ಹೀರಿಕೊಳ್ಳುವಂತೆ ಮಾಡುವುದೇ ಅದರ ಮುಖ್ಯ ಕೆಲಸ.

ಇದು ತೀರಾ ಕಡಿಮೆಯಾದರೆ ಮೂಳೆ ಮೆತ್ತಗಾಗುತ್ತದೆ, ಸ್ನಾಯುವೂ ಸೊರಗುತ್ತದೆ. ಸೊಂಟ ಮತ್ತು ತೊಡೆಯ ಸ್ನಾಯುಗಳು ಮೊದಲು ಸೋಲುತ್ತವೆ. ಮಣೆಯಿಂದ ಏಳುವುದು, ಮೆಟ್ಟಿಲು ಹತ್ತುವುದು ಕಷ್ಟ. ಮೈಕೈಯೆಲ್ಲ ನೋವು. ಬಾತಿನಂತೆ ತೂಗಾಡುವ ನಡಿಗೆ. ನಮ್ಮ ಸ್ನಾಯುಗಳಲ್ಲಿ ಎರಡು ಬಗೆಯ ಎಳೆಗಳಿವೆ. ನಿಧಾನವಾಗಿ ಬಹಳ ಹೊತ್ತು ದುಡಿಯುವವು ಕೆಲವು, ತಟ್ಟನೆ ಬಲ ಕೊಡುವವು ಕೆಲವು. ಎಡವಿದಾಗ ಕಾಲನ್ನು ಫಕ್ಕನೆ ಮುಂದಿಟ್ಟು ನಮ್ಮನ್ನು ಉಳಿಸುವುದು ಈ ಎರಡನೆಯ ಬಗೆ. ಮುಪ್ಪಿನಲ್ಲಿಯೂ, ವಿಟಮಿನ್ 'ಡಿ' ಕೊರತೆಯಲ್ಲಿಯೂ ಮೊದಲು ತೆಳುವಾಗುವುದು ಇವೇ.

ಇಷ್ಟು ಬಿಸಿಲಿರುವ ನಾಡಿನಲ್ಲಿ ಕೊರತೆಯೇ?

ಅರಸೀಕೆರೆಯ ತೆಂಗಿನ ತೋಟಗಳ ಬಯಲಲ್ಲಿ ನಿಂತರೆ ಈ ಪ್ರಶ್ನೆ ಸಹಜ. ಆದರೆ ಕೊರತೆ ಇದೆ. ತಿರುಪತಿಯ ವೈದ್ಯರು ಆಂಧ್ರದ ಹಳ್ಳಿ ಮತ್ತು ಪಟ್ಟಣದವರನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಲದಲ್ಲಿ ದುಡಿಯುವ ಹಳ್ಳಿಗರಲ್ಲಿ ವಿಟಮಿನ್ 'ಡಿ' ಪಟ್ಟಣದವರಿಗಿಂತ ಹೆಚ್ಚಿತ್ತು. ಆದರೂ ಹಳ್ಳಿಗರಲ್ಲಿಯೇ ಬಹಳ ಮಂದಿಗೆ ಅದು ಸಾಲದಾಗಿತ್ತು. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಎಂಬುದೂ ಅದೇ ಅಧ್ಯಯನದಲ್ಲಿ ಕಂಡುಬಂತು.

ಹೊಲಕ್ಕೆ ಹೋಗುವವರೆಗೆ ಬಿಸಿಲು ಮೈಗೆ ತಾಗುತ್ತದೆ. ಹೋಗುವುದನ್ನು ನಿಲ್ಲಿಸಿ ಮನೆಯೊಳಗೆ ಕೂತ ಮೇಲೆ ಏನು? ಇನ್ನು ಬೇಲೂರಿನ ಪಡುವಣಕ್ಕೆ, ಕಾಫಿ ತೋಟಗಳ ಕಡೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ. ವೃದ್ಧರು ಸ್ವೆಟರು, ಶಾಲು, ತಲೆಗೆ ಮಫ್ಲರು ಸುತ್ತಿ ಕೂರುತ್ತಾರೆ. ಎಪ್ಪತ್ತು ದಾಟಿದವರ ಚರ್ಮ ಅದೇ ಬಿಸಿಲಿನಲ್ಲಿ ಇಪ್ಪತ್ತರವರ ಚರ್ಮಕ್ಕಿಂತ ಬಹಳ ಕಡಿಮೆ ವಿಟಮಿನ್ 'ಡಿ' ತಯಾರಿಸುತ್ತದೆ. ಕಪ್ಪು ಮೈಬಣ್ಣದವರಿಗೆ ಹೆಚ್ಚು ಹೊತ್ತು ಬೇಕು.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಬೆಳಗಿನ ಎಳೆಬಿಸಿಲು ಹಿತ ನಿಜ, ಆದರೆ ಅದರಲ್ಲಿ ಬೇಕಾದ ಕಿರಣ ಬಹಳ ಕಡಿಮೆ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿರುವ ಹೊತ್ತಿನಲ್ಲಿ, ಅಂದರೆ ಸುಮಾರು ಹತ್ತು ಹತ್ತೂವರೆಯಿಂದ ಎರಡರವರೆಗೆ, ಆ ಕಿರಣ ಚೆನ್ನಾಗಿ ಸಿಗುತ್ತದೆ. ಮುಖ, ತೋಳು, ಮೊಣಕಾಲಿನ ಕೆಳಭಾಗಕ್ಕೆ 20-30 ನಿಮಿಷ ತಾಗಲಿ. ಕಿಟಕಿಯ ಗಾಜಿನ ಹಿಂದೆ ಕೂತರೆ ಪ್ರಯೋಜನವಿಲ್ಲ, ಗಾಜು ಆ ಕಿರಣವನ್ನು ತಡೆಯುತ್ತದೆ. ಏಪ್ರಿಲ್-ಮೇ ತಿಂಗಳ ಸುಡುಬಿಸಿಲಿನಲ್ಲಿ ಅರಸೀಕೆರೆ ಕಡೆಯವರು ನಡುಹಗಲನ್ನು ಬಿಟ್ಟು ಹತ್ತೂವರೆಯ ಆಸುಪಾಸಿನಲ್ಲಿ, ತಲೆಗೆ ಬಟ್ಟೆ ಹಾಕಿ, ನೀರು ಕುಡಿದು ಕೂರುವುದು ಒಳ್ಳೆಯದು.

ಪುಡಿಯ ವಿಷಯ: ಸಂಶೋಧನೆ ಏನು ಹೇಳುತ್ತದೆ?

ಇದನ್ನು ಗಮನವಿಟ್ಟು ಓದಿ. ಏಕೆಂದರೆ ಇಲ್ಲಿ ನಾವು ಕೇಳಿದ್ದು ಒಂದು, ಇರುವುದು ಇನ್ನೊಂದು.

ಫ್ರಾನ್ಸಿನ ವೃದ್ಧಾಶ್ರಮಗಳಲ್ಲಿದ್ದ, ಸರಾಸರಿ 84 ವಯಸ್ಸಿನ 3270 ಮಹಿಳೆಯರ ಮೇಲೆ ನಡೆದ ಅಧ್ಯಯನ 1992ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನರಿಗೆ ದಿನಕ್ಕೆ 1.2 ಗ್ರಾಂ ಕ್ಯಾಲ್ಸಿಯಂ, 800 ಯೂನಿಟ್ ವಿಟಮಿನ್ 'ಡಿ' ಕೊಟ್ಟರು. ಹದಿನೆಂಟು ತಿಂಗಳಲ್ಲಿ ಅವರಲ್ಲಿ ತೊಡೆಮೂಳೆ ಮುರಿತ ಶೇಕಡಾ 43ರಷ್ಟು ಕಡಿಮೆಯಾಯಿತು. ಈ ಸುದ್ದಿ ಲೋಕದ ಎಲ್ಲ ಕಡೆ ಭರವಸೆ ತಂದಿತು. ಆದರೆ ಅವರು ಬಿಸಿಲು ಕಾಣದ, ಊಟದಲ್ಲಿ ಕ್ಯಾಲ್ಸಿಯಂ ಕೊರತೆಯಿದ್ದ ಬಹಳ ವಯಸ್ಸಾದ ತಾಯಂದಿರು ಎಂಬುದನ್ನು ಮರೆಯಬಾರದು.

ಕೊರತೆಯಿಲ್ಲದವರಿಗೆ ಕೊಟ್ಟರೆ? ಅಮೆರಿಕದಲ್ಲಿ 25,871 ಜನರಿಗೆ ಐದು ವರ್ಷಗಳಷ್ಟು ಕಾಲ ನಡೆದ ದೊಡ್ಡ ಪ್ರಯೋಗದಲ್ಲಿ ದಿನಕ್ಕೆ 2000 ಯೂನಿಟ್ ಕೊಟ್ಟರೂ ಬೀಳುವುದಾಗಲಿ ಮೂಳೆ ಮುರಿಯುವುದಾಗಲಿ ಕಡಿಮೆಯಾಗಲಿಲ್ಲ. ಮೂಳೆಯ ಫಲಿತಾಂಶ 2022ರಲ್ಲಿ ಪ್ರಕಟವಾಯಿತು.

ಒಮ್ಮೆಗೇ ಬಹಳ ಕೊಟ್ಟರೆ? ಆಸ್ಟ್ರೇಲಿಯಾದಲ್ಲಿ 70 ದಾಟಿದ 2256 ಮಹಿಳೆಯರ ಅಧ್ಯಯನದಲ್ಲಿ, ವರ್ಷಕ್ಕೊಮ್ಮೆ ಐದು ಲಕ್ಷ ಯೂನಿಟ್ ಪಡೆದವರು ಪಡೆಯದವರಿಗಿಂತ ಹೆಚ್ಚಾಗಿಯೇ ಬಿದ್ದರು, ಮೂಳೆಯನ್ನೂ ಹೆಚ್ಚಾಗಿ ಮುರಿದುಕೊಂಡರು. ಇದು 2010ರ ವರದಿ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಹಿಂದೆ ಒಮ್ಮೆ ಬಿದ್ದಿದ್ದ 200 ವೃದ್ಧರ ಮೇಲಿನ ಪ್ರಯೋಗ 2016ರಲ್ಲಿ ಪ್ರಕಟವಾಯಿತು. ತಿಂಗಳಿಗೆ 24,000 ಯೂನಿಟ್ ಪಡೆದವರಲ್ಲಿ ಶೇಕಡಾ 48 ಮಂದಿ ವರ್ಷದೊಳಗೆ ಬಿದ್ದರೆ, ತಿಂಗಳಿಗೆ 60,000 ಪಡೆದವರಲ್ಲಿ ಬಿದ್ದವರು ಶೇಕಡಾ 67.

ಅರವತ್ತು ಸಾವಿರ! ನಮ್ಮ ಔಷಧಿ ಅಂಗಡಿಗಳಲ್ಲಿ ಸಿಗುವ ಪುಡಿಯ ಪೊಟ್ಟಣದಲ್ಲಿರುವುದೂ ಅಷ್ಟೇ. ಕೊರತೆಯಿದ್ದವರಿಗೆ ವೈದ್ಯರು ಅದನ್ನು ವಾರಕ್ಕೊಂದರಂತೆ ಸಾಮಾನ್ಯವಾಗಿ ಎಂಟು ವಾರ ಬರೆಯುತ್ತಾರೆ. ಅದು ಸರಿಯಾದ ಚಿಕಿತ್ಸೆ, ಅದನ್ನು ಹೆದರಿ ಬಿಡಬೇಡಿ. ತಪ್ಪಾಗುವುದು ಹಳೆಯ ಚೀಟಿ ತೋರಿಸಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ತೆಗೆದುಕೊಳ್ಳುವುದರಲ್ಲಿ. ಪಕ್ಕದ ಮನೆಯವರಿಗೆ ಹಂಚುವುದರಲ್ಲಿ. ಈ ವಿಟಮಿನ್ ಮೂತ್ರದಲ್ಲಿ ಸುಲಭವಾಗಿ ಹೋಗುವಂಥದ್ದಲ್ಲ, ಕೊಬ್ಬಿನಲ್ಲಿ ಕೂಡಿಕೊಳ್ಳುತ್ತದೆ. ಮಿತಿಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಹಸಿವಿಲ್ಲದಿರುವುದು, ವಾಕರಿಕೆ, ಮಲಬದ್ಧತೆ, ಅತಿ ಬಾಯಾರಿಕೆ, ಮಂಕು ಕವಿಯುವುದು, ಮೂತ್ರಪಿಂಡಕ್ಕೆ ಕಲ್ಲು ಮತ್ತು ಹಾನಿ ಬರಬಹುದು.

ಹಾಗಾದರೆ ಸಾರಾಂಶ ಇದು. ಕೊರತೆಯಿದ್ದವರಿಗೆ ಕೊಟ್ಟು ತುಂಬಿಸುವುದು ಅಗತ್ಯ. ಆಸ್ಟಿಯೋಪೊರೋಸಿಸ್‌ಗೆ ವೈದ್ಯರು ಬೇರೆ ಔಷಧಿ ಕೊಡುವಾಗ ವಿಟಮಿನ್ 'ಡಿ' ಮತ್ತು ಕ್ಯಾಲ್ಸಿಯಂ ಜೊತೆಗಿರಲೇಬೇಕು. ಐವತ್ತು ದಾಟಿದವರಿಗೆ ಕೊಡಬೇಕಾದಾಗ ಒಮ್ಮೊಮ್ಮೆ ದೊಡ್ಡ ಪ್ರಮಾಣಕ್ಕಿಂತ ದಿನಾ ಸಣ್ಣ ಪ್ರಮಾಣ ಲೇಸೆಂದು 2024ರಲ್ಲಿ ಅಂತಃಸ್ರಾವ ತಜ್ಞರ ಅಮೆರಿಕದ ಸಂಘ ಸಲಹೆ ಮಾಡಿದೆ. ಆದರೆ ಕೊರತೆಯಿಲ್ಲದವರನ್ನು ಬೀಳದಂತೆ ತಡೆಯುವ ಶಕ್ತಿ ಪುಡಿಗಿಲ್ಲ. ಕೊರತೆಯಿದ್ದವರಿಗೂ ಅದು ಸ್ನಾಯು ಸೊರಗದಂತೆ ನೋಡಿಕೊಳ್ಳಬಹುದು, ಕೂತಲ್ಲೇ ಕೂತವರ ಕಾಲಿಗೆ ಬಲ ತುಂಬಲಾರದು.

ಬಲ ಬರುವುದು ಬಳಸಿದರೆ

ಬೀಳುವುದನ್ನು ಖಂಡಿತವಾಗಿ ಕಡಿಮೆ ಮಾಡುವ ಒಂದು ಮದ್ದಿದೆ. ಅದಕ್ಕೆ ಕಾಸಿಲ್ಲ. ಅದು ವ್ಯಾಯಾಮ. 108 ಪ್ರಯೋಗಗಳಲ್ಲಿ ಭಾಗವಹಿಸಿದ 23,000ಕ್ಕೂ ಹೆಚ್ಚು ವೃದ್ಧರ ಲೆಕ್ಕವನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ವ್ಯಾಯಾಮ ಮಾಡಿದವರಲ್ಲಿ ಬೀಳುವ ಪ್ರಸಂಗಗಳು ಶೇಕಡಾ 23ರಷ್ಟು ಕಡಿಮೆಯಾದವು. ಬರೀ ನಡಿಗೆಗಿಂತ ತೋಲವನ್ನೂ ಕಾಲಿನ ಬಲವನ್ನೂ ಬೆಳೆಸುವ ವ್ಯಾಯಾಮ ಹೆಚ್ಚು ಫಲ ಕೊಟ್ಟಿತು.

ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಕೈಯಿರುವ ಕುರ್ಚಿಯಲ್ಲಿ ಅಜ್ಜಿಯನ್ನು ಕೂರಿಸಿ, ಹತ್ತು ಅಡಿ ದೂರದಲ್ಲಿ ಗುರುತು ಹಾಕಿ. ಎದ್ದು, ಅಲ್ಲಿಯವರೆಗೆ ಎಂದಿನಂತೆ ನಡೆದು, ತಿರುಗಿ ಬಂದು ಕೂರಲಿ. ನೀವು ಪಕ್ಕದಲ್ಲೇ ಇರಿ. ಹನ್ನೆರಡು ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆ ಎಂದು ತಿಳಿದು ವೈದ್ಯರಿಗೆ ಹೇಳಿ.

ದಿನಾ ಮಾಡಬೇಕಾದದ್ದು ಇಷ್ಟು:

1. ಗಟ್ಟಿ ಕುರ್ಚಿಯಿಂದ, ಆದಷ್ಟು ಕೈಯೂರದೆ, ಹತ್ತು ಸಲ ಎದ್ದು ಕೂರುವುದು. ಸ್ವಲ್ಪ ದಣಿವಾರಿಸಿಕೊಂಡು ಇನ್ನೊಮ್ಮೆ ಹತ್ತು.

2. ಅಡಿಗೆಮನೆಯ ಕಟ್ಟೆ ಹಿಡಿದು, ಹಿಮ್ಮಡಿ ಎತ್ತಿ ಬೆರಳ ಮೇಲೆ ನಿಲ್ಲುವುದು. ಹತ್ತು ಸಲ.

3. ಅದೇ ಕಟ್ಟೆ ಹಿಡಿದು ಒಂಟಿಕಾಲಲ್ಲಿ ಹತ್ತು ಎಣಿಸುವವರೆಗೆ ನಿಲ್ಲುವುದು. ಆಮೇಲೆ ಇನ್ನೊಂದು ಕಾಲು. ರೂಢಿಯಾದಂತೆ ಬರೀ ಬೆರಳ ತುದಿ ತಾಗಿಸಿದರೆ ಸಾಕು.

4. ಗೋಡೆ ಪಕ್ಕದಲ್ಲಿ, ಒಂದು ಪಾದದ ಮುಂದೆ ಇನ್ನೊಂದನ್ನು ಇಟ್ಟು ಹತ್ತು ಹೆಜ್ಜೆ ನಡೆಯುವುದು.

ಬೆನ್ನುಮೂಳೆ ಮುರಿದವರು ಮುಂದಕ್ಕೆ ಬಾಗುವ, ಸೊಂಟ ತಿರುಚುವ ವ್ಯಾಯಾಮ ಮಾಡಬಾರದು. ಎದೆನೋವು, ತಲೆಸುತ್ತು ಇರುವವರು ಮೊದಲು ವೈದ್ಯರನ್ನು ಕೇಳಬೇಕು. ಒಮ್ಮೆ ಬಿದ್ದವರು ಹೆದರಿ ಕೂರುತ್ತಾರೆ. ಕೂತಷ್ಟೂ ಕಾಲು ಸೋಲುತ್ತದೆ. ಸೋತಷ್ಟೂ ಬೀಳುವುದು ಹೆಚ್ಚು. "ಏಳಬೇಡಿ ಅಜ್ಜಿ, ನಾನೇ ತಂದುಕೊಡ್ತೀನಿ" ಎಂಬ ನಮ್ಮ ಪ್ರೀತಿಯ ಮಾತೂ ಎಷ್ಟೋ ಸಲ ಅವರ ಕಾಲಿನ ಬಲ ಕಸಿದುಕೊಳ್ಳುತ್ತದೆ. "ಬನ್ನಿ ಅಜ್ಜಿ, ಒಟ್ಟಿಗೆ ಹೋಗಿ ತರೋಣ" ಎನ್ನುವುದು ಲೇಸು.

ತಟ್ಟೆಯಲ್ಲಿ ಏನಿರಲಿ?

ಹಾಸನ ಸೀಮೆಯವರು ಭಾಗ್ಯವಂತರು, ಇಲ್ಲಿ ರಾಗಿ ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಅದೇ ತೂಕದ ಬಿಳಿ ಅಕ್ಕಿಯಲ್ಲಿ ಸುಮಾರು 10 ಮಾತ್ರ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು ಸಾವಿರ ಮಿಲಿಗ್ರಾಂ, ಮುಟ್ಟು ನಿಂತ ಹೆಂಗಸರಿಗೆ ಇನ್ನೂ ಸ್ವಲ್ಪ ಹೆಚ್ಚು. ರಾಗಿಯಲ್ಲಿ ಕ್ಯಾಲ್ಸಿಯಂ ಹೀರಿಕೊಳ್ಳುವುದನ್ನು ತಡೆಯುವ ಫೈಟೇಟ್ ಎಂಬ ಅಂಶವೂ ಇದೆ. ಮೊಳಕೆ ಕಟ್ಟಿದರೆ, ಹಿಟ್ಟನ್ನು ಹುದುಗಿಸಿ ಅಂಬಲಿ ಮಾಡಿದರೆ ಅದು ಕಡಿಮೆಯಾಗುತ್ತದೆ. ಹಲ್ಲಿಲ್ಲದ ಹಿರಿಯರಿಗೆ ಮೊಳಕೆ ರಾಗಿಯ ಗಂಜಿ ಒಳ್ಳೆಯ ಊಟ. ಒಂದು ಲೋಟ ಹಾಲು ಅಥವಾ ಮಜ್ಜಿಗೆ, ಎಳ್ಳು, ನುಗ್ಗೆಸೊಪ್ಪು, ದಂಟಿನ ಸೊಪ್ಪು ಜೊತೆಗಿರಲಿ.

ಆದರೆ ರಾಗಿಯಲ್ಲಿ ವಿಟಮಿನ್ 'ಡಿ' ಇಲ್ಲ. ಅದು ಸ್ವಲ್ಪಮಟ್ಟಿಗೆ ಮೊಟ್ಟೆಯ ಹಳದಿಯಲ್ಲಿ, ಚೆನ್ನಾಗಿ ಕರಾವಳಿಯಿಂದ ಘಟ್ಟ ಹತ್ತಿ ಬರುವ ಬೂತಾಯಿ, ಬಂಗುಡೆ ಮೀನುಗಳಲ್ಲಿ ಸಿಗುತ್ತದೆ. ವಿಟಮಿನ್ ಸೇರಿಸಿದ ಹಾಲಿನ ಪೊಟ್ಟಣದ ಮೇಲೆ 'ಎಫ್' ಅಕ್ಷರದ ಪ್ಲಸ್ ಗುರುತಿರುತ್ತದೆ, ನೋಡಿ ಕೊಳ್ಳಿ.

ಸ್ನಾಯುವಿಗೆ ಬೇಕಾದದ್ದು ಪ್ರೋಟೀನು. ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು ಒಂದು ಗ್ರಾಂ. ಐವತ್ತು ಕಿಲೋ ತೂಗುವ ಅಜ್ಜಿಗೆ ಐವತ್ತು ಗ್ರಾಂ. ಒಂದು ಮೊಟ್ಟೆಯಲ್ಲಿ ಆರು ಗ್ರಾಂ. ಅವರೆಕಾಳು, ಹುರುಳಿ, ಬೇಳೆ, ಮೊಸರು, ಮೀನು ದಿನಾ ಬೇಕು. "ವಯಸ್ಸಾದವರಿಗೆ ಅನ್ನ ಸಾರು ಸಾಕು" ಎಂಬ ಮಾತನ್ನು ಬಿಡೋಣ. ಮೂತ್ರಪಿಂಡದ ಕಾಯಿಲೆಯವರು ಮಾತ್ರ ವೈದ್ಯರು ಹೇಳಿದ ಮಿತಿಯಲ್ಲಿರಲಿ.

ಮನೆಯನ್ನೂ ಒಮ್ಮೆ ನೋಡಿ

ಇಂದು ಸಂಜೆ ಮನೆಯಲ್ಲೊಮ್ಮೆ ಸುತ್ತಾಡಿ. ಹಾಸಿಗೆಯಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ರಾತ್ರಿ ದೀಪ ಇದೆಯೇ? ಕರೆಂಟು ಹೋದರೆ ಕೈಗೆಟುಕುವಲ್ಲಿ ಟಾರ್ಚು ಇದೆಯೇ? ಬಚ್ಚಲಿನ ಕಲ್ಲು ನುಣುಪಾಗಿದ್ದರೆ ಒರಟು ಹಾಸು ಹಾಕಿ, ಗೋಡೆಗೆ ಗಟ್ಟಿ ಕಂಬಿ ಹಾಕಿಸಿ. ಕಕ್ಕಸಿನಲ್ಲಿಯೂ ಹಿಡಿದು ಏಳಲು ಕಂಬಿ ಬೇಕು. ಹಿತ್ತಲ ಮೆಟ್ಟಿಲ ಪಾಚಿಯನ್ನು ಮಳೆ ಹಿಡಿಯುವ ಮೊದಲೂ ಮಳೆಯ ನಡುವೆಯೂ ಉಜ್ಜಿ. ಸವೆದ ಹವಾಯಿ ಚಪ್ಪಲಿ ಎಸೆಯಿರಿ. ದನ ಕಟ್ಟುವ ಹಗ್ಗ, ತೆಂಗಿನ ಗರಿ, ಮಕ್ಕಳ ಆಟಿಕೆ ದಾರಿಯಲ್ಲಿ ಬಿದ್ದಿರದಿರಲಿ. ಸೀರೆಯ ನೆರಿಗೆ ಪಾದಕ್ಕೆ ಸಿಗದಂತೆ ಒಂದು ಬೆರಳು ಮೇಲಿರಲಿ.

ಕಣ್ಣಿನ ಪೊರೆ ಬಂದಿದ್ದರೆ ತೆಗೆಸಿ. ರಕ್ತದೊತ್ತಡದ ಮಾತ್ರೆ, ನಿದ್ರೆ ಮಾತ್ರೆಗಳಿಂದ ತಲೆಸುತ್ತು ಬರುತ್ತಿದ್ದರೆ ತಾವಾಗಿ ಬಿಡದೆ, ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿ ವೈದ್ಯರಿಗೆ ತೋರಿಸಿ. ಹಿಂದೆ ಸಣ್ಣ ಪೆಟ್ಟಿಗೆ ಮೂಳೆ ಮುರಿದವರು, ಬಹಳ ಕಾಲ ಸ್ಟಿರಾಯ್ಡ್ ತೆಗೆದುಕೊಂಡವರು, ಎತ್ತರ ಕುಗ್ಗಿದವರು ಮೂಳೆಯ ಪರೀಕ್ಷೆಯ ಬಗ್ಗೆ ಕೇಳಬೇಕು. ಮೂಳೆಯ ಸವೆತ ತಡೆಯುವ ಒಳ್ಳೆಯ ಔಷಧಿಗಳು ಈಗ ಇವೆ.

ಕೊನೆಯದಾಗಿ

ಕಲ್ಪನೆಯ ಆ ಅಜ್ಜಿಯ ಮನೆಗೆ ಮತ್ತೆ ಹೋಗೋಣ. ಮಗನಿಗೆ ಪ್ರೀತಿ ಇರಲಿಲ್ಲವೆಂದಲ್ಲ. ಆದರೆ ಪುಡಿ ಕಳಿಸುವುದು ಸುಲಭ, ಜೊತೆಗೆ ಕೂತು ಹತ್ತು ಸಲ ಎದ್ದು ಕೂರಿಸುವುದು ಕಷ್ಟ. ಬೆಂಚು ಹಿಡಿಯದೆ ಏಳಲಾಗದ ದಿನವೇ ಅಜ್ಜಿಯ ಕಾಲು ನಮಗೆ ಎಚ್ಚರಿಕೆ ಕೊಟ್ಟಿತ್ತು. ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಪೋಪ್ ಫ್ರಾನ್ಸಿಸ್‌ರವರು 2021ರಲ್ಲಿ ಅಜ್ಜ-ಅಜ್ಜಿಯರ ಮತ್ತು ಹಿರಿಯರ ವಿಶ್ವ ದಿನವನ್ನು ಆರಂಭಿಸಿದರು. ಅದು ಜುಲೈ ತಿಂಗಳ ನಾಲ್ಕನೆಯ ಭಾನುವಾರ, ನಮ್ಮ ಕಡೆ ಮಳೆ ಮೋಡಗಳ ಕಾಲ, ಹಿತ್ತಲಲ್ಲಿ ಪಾಚಿ ಹಿಡಿಯುವ ಕಾಲ. ಅಂದು ಹಿರಿಯರಿಗೆ ಹೂವು ಕೊಟ್ಟು ಸನ್ಮಾನಿಸುವುದು ಒಳ್ಳೆಯದೇ. ಅದರ ಜೊತೆಗೆ ಧರ್ಮಕೇಂದ್ರದ ಯುವಕರು ಒಂಟಿಯಾಗಿರುವ ನಾಲ್ಕು ಹಿರಿಯರ ಮನೆಗೆ ಹೋಗಿ ಮೆಟ್ಟಿಲ ಪಾಚಿ ಉಜ್ಜಿ, ಬಚ್ಚಲಿಗೊಂದು ಕಂಬಿ ಹಾಕಿಕೊಟ್ಟರೆ? ದೇವಾಲಯದ ಮೆಟ್ಟಿಲಿಗೆ ಕೈಹಿಡಿ ಇದೆಯೇ ಎಂದೂ ನೋಡಿದರೆ? ತಂದೆತಾಯಿಯರನ್ನು ಗೌರವಿಸಬೇಕೆಂಬ ನಾಲ್ಕನೆಯ ಕಟ್ಟಳೆಯನ್ನು ನಾವು ಬಾಲ್ಯದಲ್ಲೇ ಕಲಿತೆವು. ಅದನ್ನು ಪಾಲಿಸುವ ಒಂದು ವಿಧ ಹೀಗೂ ಇದೆ.

ಈ ವಾರ ಮನೆಯವರೆಲ್ಲ ಕೂತು ಮಾತನಾಡಲು ಮೂರು ಪ್ರಶ್ನೆಗಳು:

ನಮ್ಮ ಮನೆಯ ಹಿರಿಯರು ಕಳೆದ ಒಂದು ವರ್ಷದಲ್ಲಿ ಎಷ್ಟು ಸಲ ಬಿದ್ದಿದ್ದಾರೆ? ನಮಗೆ ಹೇಳದೆ ಮುಚ್ಚಿಟ್ಟದ್ದು ಉಂಟೇ?

ಅವರು ತೆಗೆದುಕೊಳ್ಳುತ್ತಿರುವ ವಿಟಮಿನ್ 'ಡಿ' ಯಾರು ಬರೆದದ್ದು, ಎಷ್ಟು ದಿನಕ್ಕೆ ಬರೆದದ್ದು?

ನಾಳೆಯಿಂದ ಅವರ ಜೊತೆ ದಿನಾ ಹತ್ತು ನಿಮಿಷ ವ್ಯಾಯಾಮಕ್ಕೆ ನಿಲ್ಲುವವರು ನಮ್ಮಲ್ಲಿ ಯಾರು?